ಮಾಘದ ಹಿತ್ತಲು: ಸೂರಕ್ಕಿ ಗಾಜಿಗೆ ಕುಕ್ಕೋದು ಯಾಕೆ, ಗಿಡ ಸವರೋದು ಯಾವಾಗ?

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಹತ್ತಿರ ಬಂತು. ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ, ಹಿತ್ತಲಲ್ಲಿ ಮಾತ್ರ ಆಗ್ಲೇ ಹಕ್ಕಿಗಳ ಗಲಾಟೆ ಶುರುವಾಗಿದೆ. ತಿಳಿದವರು ಹೇಳಿ:

ಒಂದು ಸೂರಕ್ಕಿ (ಹೂವಿನ ಮಕರಂದ ಹೀರೋ ಪುಟ್ಟ ಹಕ್ಕಿ) ಬೆಳಗ್ಗೆ ಏಳರಿಂದ ಅಡುಗೆಮನೆ ಕಿಟಕಿ ಗಾಜಿಗೆ ಟಕಟಕ ಅಂತ ಕುಕ್ಕುತ್ತೆ. ಒಳಗಡೆ ಪರದೆ ಎಳೆದ್ರೂ ಬಿಡಲ್ಲ. ಅದಕ್ಕೆ ಪೆಟ್ಟಾಗುತ್ತಾ?

ದಾಸವಾಳ, ಕೇಪಳ, ಬೇಲಿ ಸಾಲು ಎಲ್ಲಾ ಸವರಿಸಬೇಕು, ಹೊಂಗೆ ಎಲೆ ರಾಶಿ ಬಿದ್ದಿದೆ, ಅದನ್ನ ಗುಡಿಸಿ ಸುಡಬೇಕು ಅಂತ ಕೆಲಸದವರು ಹೇಳ್ತಿದಾರೆ. ಯುಗಾದಿ ಒಳಗೆ ಹಿತ್ತಲು ಚೊಕ್ಕಟ ಆಗ್ಬೇಕು. ಈಗ ಮಾಡಬಹುದಾ?

ನೀರಿನ ತಟ್ಟೆ, ಗೂಡಿನ ಪೆಟ್ಟಿಗೆ ಇಡೋದಾದ್ರೆ ಅಳತೆ ಎಷ್ಟು?

ಜಾಲರಿಕಿಟಕಿ:
ಮೊದಲನೇದಕ್ಕೆ ಉತ್ತರ. ಗಾಜಲ್ಲಿ ಕಾಣ್ತಿರೋದು ಅದರದೇ ಪ್ರತಿಬಿಂಬ. ಅದಕ್ಕೆ ಮಾತ್ರ ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಲೆಕ್ಕ. ಗೂಡು ಕಟ್ಟೋ ಕಾಲದಲ್ಲಿ ಜಾಗಕ್ಕಾಗಿ ಜಗಳ ಜಾಸ್ತಿ. ಮೈಗೆ ಪೆಟ್ಟಾಗೋದು ಅಪರೂಪ, ಆದ್ರೆ ಹೂವಿಗೆ ಹೋಗೋ ಹೊತ್ತೆಲ್ಲ ಗಾಜಿನ ಮುಂದೆ ಕಳೆದುಹೋಗುತ್ತೆ. ಅಷ್ಟು ಪುಟ್ಟ ಹಕ್ಕಿಗೆ ಅದು ದೊಡ್ಡ ನಷ್ಟ.

ಒಳಗಿನ ಪರದೆಯಿಂದ ಪ್ರಯೋಜನ ಇಲ್ಲ. ಹೊರಗೆ ಬೆಳಕು, ಒಳಗೆ ಕತ್ತಲೆ ಇದ್ದಷ್ಟೂ ಗಾಜು ಕನ್ನಡಿ ಆಗುತ್ತೆ, ಗಾಢ ಬಣ್ಣದ ಪರದೆ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಮುಚ್ಚಬೇಕಾದ್ದು ಹೊರಮೈ. ಸೊಳ್ಳೆ ಜಾಲರಿಯನ್ನ ಗಾಜಿಂದ ಐದಾರು ಸೆಂ.ಮೀ. ಮುಂದಕ್ಕೆ ಚೌಕಟ್ಟು ಹೊಡೆದು ಕೂರಿಸೋದು ಎಲ್ಲಕ್ಕಿಂತ ಒಳ್ಳೇದು. ಸದ್ಯಕ್ಕೆ ಹೊರಗಿಂದ ಪೇಪರ್ ಅಂಟಿಸಿ, ಇಲ್ಲಾ ಸೋಪಿನ ನೀರನ್ನ ದಟ್ಟವಾಗಿ ಬಳಿದು ಒಣಗಲು ಬಿಡಿ. ಒಂದು ಕಿಟಕಿ ಮುಚ್ಚಿದ್ರೆ ಪಕ್ಕದ್ದಕ್ಕೆ ಹೋಗುತ್ತೆ, ಆದ್ದರಿಂದ ಆ ಗೋಡೆಯ ಎಲ್ಲಾ ಗಾಜಿಗೂ ಒಂದೇ ದಿನ ಮಾಡಿ. ಬೈಕಿನ ಕನ್ನಡಿಗೆ ಹಳೇ ಕಾಲುಚೀಲ ಹಾಕಿದ್ರೆ ಸಾಕು.

ಟೆರೇಸ್‌ಮನೆ:
ಕೆಲವೇ ವಾರದ ಕಥೆ ಇದು. ಗೂಡಲ್ಲಿ ಮೊಟ್ಟೆ ಇಟ್ಟ ಮೇಲೆ ತಾನಾಗೇ ಕಡಿಮೆ ಆಗುತ್ತೆ.

ಲೆಕ್ಕದಹಕ್ಕಿ:
ಯಾವ ಸೂರಕ್ಕಿ ಅನ್ನೋದು ಮುಖ್ಯ. ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ನೆತ್ತಿ ಮೇಲೆ ಹೊಳೆಯೋ ಹಸಿರು ಇದ್ರೆ ಅದು ಬೆಂಗಳೂರು ಮೈಸೂರು ಕಡೆ ಹಿತ್ತಲಲ್ಲಿ ತೀರಾ ಸಾಮಾನ್ಯವಾದ ಸೂರಕ್ಕಿ, ಇಂಗ್ಲಿಷಲ್ಲಿ ಪರ್ಪಲ್-ರಂಪ್ಡ್ ಸನ್‌ಬರ್ಡ್. ಮೈಯೆಲ್ಲಾ ಕಪ್ಪು ನೇರಳೆ ಹೊಳಪು ಇದ್ರೆ ಬೇರೆ ಜಾತಿ. ಈ ಎರಡನೇದರ ಗಂಡು ಮರಿ ಮಾಡೋ ಕಾಲ ಮುಗಿದ ಮೇಲೆ ಹೊಳಪು ಕಳ್ಕೊಂಡು ಹೆಣ್ಣಿನ ಥರ ಹಳದಿ ಆಗುತ್ತೆ, ಗಂಟಲಿಂದ ಹೊಟ್ಟೆಗೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತೆ. ಚಳಿ ಮುಗೀತಾ ಬಂದ ಹಾಗೆ ಮತ್ತೆ ಮದುಮಗನ ವೇಷ. ಅರ್ಧ ಹಳದಿ, ಅರ್ಧ ನೇರಳೆ ತೇಪೆ ತೇಪೆಯಾಗಿ ಕಂಡ್ರೆ ರೋಗ ಅಂದ್ಕೋಬೇಡಿ, ಬಟ್ಟೆ ಬದಲಾಯಿಸ್ತಿದೆ ಅಷ್ಟೇ.

ಕರಾವಳಿಕೇಪಳ:
ಸವರುವ ಕೆಲಸ ಈಗ ಮಾಡ್ಬೇಡಿ ಮಾರಾಯ್ರೇ! ಸೂರಕ್ಕಿ, ಪಿಕಳಾರ (ಬುಲ್‌ಬುಲ್) ಎರಡೂ ಗೂಡು ಕಟ್ಟುವ ಹೊತ್ತು ಇದೇ. ಪಿಕಳಾರ ಬೇಲಿ ಗಿಡದಲ್ಲಿ, ಬಾಲ್ಕನಿಯ ಕುಂಡದಲ್ಲಿ, ಸೊಂಟದೆತ್ತರದಲ್ಲೂ ಬಟ್ಟಲಿನ ಹಾಗೆ ಗೂಡು ಕಟ್ಟುತ್ತದೆ. ಎರಡೋ ಮೂರೋ ಮೊಟ್ಟೆ, ಕಾವು ಸುಮಾರು 12 ದಿನ, ಮರಿ ಹೊರಗೆ ಬರಲು ಇನ್ನೊಂದು 12 ದಿನ. ಕಟ್ಟುವ ದಿನಗಳೂ ಸೇರಿದರೆ ಒಂದು ತಿಂಗಳು. ಅಷ್ಟು ದಿನ ಕತ್ತರಿ ಒಳಗಿರಲಿ.

ಸೂರಕ್ಕಿಯದ್ದು ಜೋತಾಡುವ ಚೀಲ. ಕಟ್ಟುವುದು ಹೆಣ್ಣು. ನಾರು, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಒಣ ಎಲೆ ಎಲ್ಲ ಸೇರಿಸಿ ಜೇಡರ ಬಲೆಯಿಂದ ಬಿಗಿಯುತ್ತದೆ. ಪಕ್ಕದಲ್ಲಿ ಬಾಗಿಲು, ಬಾಗಿಲಿಗೊಂದು ಚಾವಡಿ. ನೋಡುವವರಿಗೆ ತಂತಿಗೆ ಸಿಕ್ಕಿದ ಕಸದ ಹಾಗೆ ಕಾಣುತ್ತದೆ. ಗುಡಿಸುವ ಭರದಲ್ಲಿ ಕಿತ್ತು ಬಿಸಾಡುವವರೇ ಹೆಚ್ಚು.

ಎಲೆಗೊಬ್ಬರ:
ಇದಕ್ಕೇ ಯುಗಾದಿ ಧೂಳು ಹೊಡೆಯೋರಿಗೆ ಒಂದು ವಿನಂತಿ. ಮನೆ ಒಳಗಿನ ಜೇಡರ ಬಲೆ ತೆಗೀರಿ. ಸಜ್ಜದ ಕೆಳಗೆ, ಕಾಂಪೌಂಡ್ ಮೂಲೆ, ಹಿತ್ತಲ ಶೆಡ್ಡಿನ ಬಲೆ ಬಿಡಿ. ಸೂರಕ್ಕಿಗೂ ಸಿಂಪಿಗ ಹಕ್ಕಿಗೂ ಅದೇ ದಾರ, ಅದೇ ಅಂಟು.

ಹಿತ್ತಲಬಾಗಿಲು:
ಅಂದ್ರೆ ಒಂದು ಕಡ್ಡೀನೂ ಮುಟ್ಟಬಾರದಾ? ದಾಸವಾಳ ಫೆಬ್ರವರಿಯಲ್ಲಿ ಸವರಿದ್ರೆ ಚೆನ್ನಾಗಿ ಚಿಗುರುತ್ತೆ ಅಂತಾರಲ್ಲ?

ಎಲೆಗೊಬ್ಬರ:
ಸವರಬಹುದು, ಕ್ರಮ ಇದೆ. ಹಿಂದಿನ ದಿನ ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ, ಗಿಡದಿಂದ ನಾಲ್ಕೈದು ಮೀಟರ್ ದೂರ ಹದಿನೈದು ನಿಮಿಷ ಸುಮ್ನೆ ಕೂತು ನೋಡಿ. ಕೊಕ್ಕಲ್ಲಿ ನಾರು ಅಥವಾ ಹುಳ ಹಿಡಿದ ಹಕ್ಕಿ ಒಂದೇ ಗಿಡಕ್ಕೆ ಎರಡು ಸಲ ಹೋದ್ರೆ ಅಲ್ಲಿ ಗೂಡಿದೆ. ಆ ಗಿಡ ಬಿಟ್ಟುಬಿಡಿ. ಗೂಡಿಲ್ಲ ಅಂತ ಖಾತ್ರಿ ಆದ್ರೆ ಗಿಡದ ಮೂರನೇ ಒಂದು ಭಾಗ ಮಾತ್ರ ಸವರಿ, ಮೂರು ವಾರ ಬಿಟ್ಟು ಮುಂದಿನ ಭಾಗ. ಹಾಗೆ ಮಾಡಿದ್ರೆ ಹೂವು ಒಂದೇ ಸಲ ಖಾಲಿ ಆಗಲ್ಲ, ಸೂರಕ್ಕಿಗೂ ಊಟ ತಪ್ಪಲ್ಲ. ಬೇಲಿ ಸಾಲನ್ನ ಮಳೆಗಾಲ ಶುರುವಾಗೋವರೆಗೆ ಮುಟ್ಟಬೇಡಿ.

ಇನ್ನು ಎಲೆ ಸುಡೋದು ಬೇಡವೇ ಬೇಡ. ಹೊಂಗೆ ಎಲೆ ಅಂದ್ರೆ ಗೊಬ್ಬರ. ಗಿಡದ ಬುಡಕ್ಕೆ 8 ರಿಂದ 10 ಸೆಂ.ಮೀ. ದಪ್ಪ ಹರಡಿ, ಕಾಂಡಕ್ಕೆ ತಾಗಬಾರದು, ಸುತ್ತ ಒಂದು ಗೇಣು ಬಿಡಿ. ತಾಗಿದ್ರೆ ಗೆದ್ದಲು, ಕೊಳೆ ಎರಡೂ ಬರುತ್ತೆ. ಮನೆ ಗೋಡೆಗೆ ಒತ್ತಿ ಹಾಕಬೇಡಿ, ಹಾವಿಗೆ ಅಡಗೋ ಜಾಗ ಆಗುತ್ತೆ. ಉಳಿದ ಎಲೆ ಒಂದು ಮೂಲೇಲಿ ಕಲ್ಲು ಇಟ್ಟಿಗೆ ಕಟ್ಟೆ ಒಳಗೆ: ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಅಡುಗೆಮನೆ ಹಸಿ ಕಸ, ಮೇಲೆ ಸಗಣಿ ನೀರು, ವಾರಕ್ಕೊಮ್ಮೆ ತಿರುವಿ ಹಾಕಿ. ನಾತ ಬಂದ್ರೆ ಹಸಿ ಕಸ ಜಾಸ್ತಿ ಆಗಿದೆ, ಎಲೆ ಹಾಕಿ. ಕೊಳೀತಾನೇ ಇಲ್ಲ ಅಂದ್ರೆ ಒಣಗಿದೆ, ನೀರು ಚಿಮುಕಿಸಿ.

ಆ ಎಲೆ ರಾಶಿಯಲ್ಲೇ ಹಾವುರಾಣಿ, ಕಪ್ಪೆ, ಜೀರುಂಡೆ ಮರಿ ಎಲ್ಲಾ ಇರೋದು. ಹರಟೆಮಲ್ಲಗಳ ಗುಂಪು ಬಂದು ಎಲೆ ತಿರುಗಿಸಿ ಹುಡುಕೋದು ನೋಡಿದ್ರೆ ಗೊತ್ತಾಗುತ್ತೆ ಅಲ್ಲಿ ಎಷ್ಟು ಜೀವ ಇದೆ ಅಂತ.

ಧಾರವಾಡಮಂದಿ:
ಎಲಿ ರಾಶಿ, ಕಟಗಿ ರಾಶಿ ಅಂದಿರಿ ಅಂತ ಹೇಳ್ತೇನಿ. ನಮ್ಮ ಕಡೆ ಹೋಳಿ ಹುಣ್ಣಿವಿಗೆ ಕಾಮಣ್ಣನ ಸುಡಾಕ ಹುಡುಗ್ರು ವಾರಗಟ್ಟಲೆ ಮೊದಲ ಕಟಗಿ ಕುಳ್ಳು ಕೂಡಿ ಹಾಕ್ತಾರ. ಆ ಒಟ್ಟಿಲದಾಗ ಓತಿಕ್ಯಾತ, ಹಾವುರಾಣಿ, ಕಪ್ಪಿ ಬಂದು ಸೇರ್ಕೋತಾವ. ಹಂಗ ಬೆಂಕಿ ಹಚ್ಚಿದ್ರ ಎಲ್ಲಾ ಸುಟ್ಟು ಹೋಗ್ತಾವ. ಎರಡು ಕೆಲಸ ಮಾಡ್ರಿ: ಕಟಗಿ ಒಂದು ಕಡೆ ಕೂಡಿ ಹಾಕ್ರಿ, ಸುಡೋ ಜಾಗಾದಾಗ ಅವತ್ತ ಸಂಜಿಗೇ ಒಟ್ರಿ. ಆಗಲಿಲ್ಲಂದ್ರ ಹಚ್ಚೂ ಮೊದಲ ಉದ್ದ ಕೋಲಿಲೆ ತಳದಾಗ ಅಲ್ಲಾಡಿಸಿ, ಒಂದ ಬಾಜೂದಿಂದ ಬೆಂಕಿ ಹಚ್ರಿ, ಆಚಿ ಬಾಜೂ ಓಡಿ ಹೋಗಾಕ ದಾರಿ ಇರ್ಲಿ. ಟೈರು, ಪ್ಲಾಸ್ಟಿಕ್ ಹಾಕಬ್ಯಾಡ್ರಿ.

ಹಿತ್ತಲಬಾಗಿಲು:
ಇದು ಯಾರೂ ಹೇಳದ ವಿಷಯ. ಧನ್ಯವಾದ ರೀ.

ಮಾವಿನತೋಪು:
ಎಲ್ಲರೂ ಹಕ್ಕಿ ಹಕ್ಕಿ ಅಂತೀರ, ಮಾವಿನ ಮರದ ಮೇಲಿರೋ ಬದನಿಕೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೂ ಬಿಟ್ಟು ಸೂರಕ್ಕಿ ಬರುತ್ತೆ, ಚೆಂದ ಕಾಣುತ್ತೆ, ಆದ್ರೆ ಅದು ಮರದ ರಸ ಹೀರೋ ಪರಾವಲಂಬಿ. ಒಂದು ಕೊಂಬೆಗೆ ಹತ್ತಿದ್ರೆ ಆ ಕೊಂಬೆ ತುದಿ ಒಣಗುತ್ತೆ, ಕಾಯಿ ನಿಲ್ಲಲ್ಲ. ಈಗಲೇ ತೆಗೀಬೇಕು, ಹಣ್ಣಾಗೋ ಮುಂಚೆ.

ಚಿಟ್ಟೆಪಟ್ಟಿ:
ಪೂರ್ತಿ ತೆಗೆದ್ರೆ ಎರಡು ಜೀವಕ್ಕೆ ನೇರ ಪೆಟ್ಟು ಸಾರ್. ಬದನಿಕೆ ಹಕ್ಕಿ, ಹೆಬ್ಬೆರಳಷ್ಟು ಗಾತ್ರದ್ದು, ಅದರ ಹಣ್ಣು ನುಂಗಿ ಅಂಟು ಬೀಜವನ್ನ ಕೊಂಬೆ ಮೇಲೆ ಹಿಕ್ಕುತ್ತೆ, ಹಾಗೇ ಗಿಡ ಹರಡುತ್ತೆ. ಇನ್ನೊಂದು ಜೆಜೆಬೆಲ್ ಚಿಟ್ಟೆ, ರೆಕ್ಕೆ ಕೆಳಗೆ ಹಳದಿ, ಅಂಚಲ್ಲಿ ಕೆಂಪು ಬೊಟ್ಟು. ಅದರ ಹುಳಗಳು ಬದನಿಕೆ ಎಲೆ ಮೇಲೆ ಗುಂಪಾಗಿ ಬೆಳೆಯೋದು.

ಮಾವಿನತೋಪು:
ಚಿಟ್ಟೆಗೆ ಅಂತ ಮರ ಬಲಿ ಕೊಡೋಕಾಗುತ್ತಾ? ಮಾವಿನ ಫಸಲೇ ಜೀವನ ಆಗಿರೋರಿಗೆ ಹೇಳಿ ನೋಡಿ.

ಚಿಟ್ಟೆಪಟ್ಟಿ:
ಬಲಿ ಬೇಡ. ಫಸಲು ಕೊಡೋ ಮರದಿಂದ ತೆಗೀರಿ, ಬೇಲಿ ಮರದ ಮೇಲಿರೋದನ್ನ ಬಿಡಿ. ಫಸಲಿಗೆ ಇಟ್ಟಿರದ ಒಂದು ಹಳೇ ಮರ ಎಲ್ಲಾ ತೋಪಲ್ಲೂ ಇರುತ್ತೆ, ಅದರಲ್ಲಿ ಎರಡು ಗೊಂಚಲು ಇದ್ರೆ ಸಾಕು.

ಮಾವಿನತೋಪು:
ಅದು ಒಪ್ಪೋ ಮಾತು. ತೆಗೆಯೋರಿಗೆ ಒಂದು ಎಚ್ಚರಿಕೆ: ಬದನಿಕೆ ಎಲೆ ಮಾತ್ರ ತರಿದ್ರೆ ಎರಡು ತಿಂಗಳಲ್ಲಿ ಮತ್ತೆ ಬರುತ್ತೆ. ಅದರ ಬೇರು ತೊಗಟೆ ಮೇಲೆ ಹರಿದು ಅಲ್ಲಲ್ಲಿ ಕಚ್ಚಿಕೊಂಡಿರುತ್ತೆ. ಕೊಂಬೆ ತೆಳ್ಳಗಿದ್ರೆ ಕಚ್ಚಿದ ಜಾಗಕ್ಕಿಂತ ಒಂದಡಿ ಕೆಳಗೆ ಮರದ ಕೊಂಬೇನೇ ಕತ್ತರಿಸಿ. ದಪ್ಪ ಕೊಂಬೆ ಆದ್ರೆ ಉಳಿಯಿಂದ ಗಂಟು ಕೆತ್ತಿ ತೆಗೆದು ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ.

ಥೇಮ್ಸ್‌ಕನ್ನಡಿಗ:
ಇಂಗ್ಲೆಂಡಲ್ಲೂ ಇದೇ ಹೊತ್ತಿಗೆ ಇದೇ ಚರ್ಚೆ. ಫೆಬ್ರವರಿ 14ಕ್ಕೆ ಹಕ್ಕಿಗಳು ಜೋಡಿ ಆರಿಸ್ಕೊಳ್ತವೆ ಅನ್ನೋ ನಂಬಿಕೆ ಇಲ್ಲಿ ಮಧ್ಯಕಾಲದಿಂದ ಇದೆ. ಗೂಡು ಪೆಟ್ಟಿಗೆ ವಾರ ಶುರುವಾಗೋದೂ ಅದೇ ದಿನ. ತೂತಿನ ಅಳತೆ ಇಲ್ಲಿ ಬಾಯಿಪಾಠ: ಬ್ಲೂ ಟಿಟ್‌ಗೆ 25 ಮಿ.ಮೀ., ಗ್ರೇಟ್ ಟಿಟ್‌ಗೆ 28, ಗುಬ್ಬಚ್ಚಿಗೆ 32. ಹಿತ್ತಲ ಕೊಳದಲ್ಲಿ ಕಪ್ಪೆ ಮೊಟ್ಟೆ ಬರೋದೂ ಫೆಬ್ರವರಿ, ಮಾರ್ಚಲ್ಲೇ. ಬೇಲಿ ಕತ್ತರಿಸೋದನ್ನ ಮಾರ್ಚಿಂದ ಆಗಸ್ಟ್‌ವರೆಗೆ ನಿಲ್ಲಿಸಿ ಅಂತ ಪಕ್ಷಿ ಸಂಘದವರು ಕೇಳ್ಕೊಳ್ತಾರೆ. ಕರ್ನಾಟಕದಲ್ಲಿ ಆ ಗಡಿಯನ್ನ ಒಂದು ತಿಂಗಳು ಮುಂಚೆಗೇ ತರಬೇಕು.

ಲೆಕ್ಕದಹಕ್ಕಿ:
ಸರಿಯಾಗಿ ಹೇಳಿದ್ರಿ. ಗುಬ್ಬಚ್ಚಿಗೆ 32 ಮಿ.ಮೀ. ಇಲ್ಲೂ ಸರಿ, ಅದಕ್ಕಿಂತ ದೊಡ್ಡದು ಮಾಡಿದ್ರೆ ಗೊರವಂಕ ಬಂದು ಕೂರುತ್ತೆ. ಪೆಟ್ಟಿಗೆ ವಿವರ:

ತಳ 15 ಸೆಂ.ಮೀ. ಚೌಕ, ತೂತಿನಿಂದ ತಳಕ್ಕೆ ಕನಿಷ್ಠ 12 ಸೆಂ.ಮೀ. ಆಳ. ಹಲಗೆ 15 ಮಿ.ಮೀ. ದಪ್ಪ, ಒಳಗಡೆ ಬಣ್ಣ, ವಾರ್ನಿಶ್ ಏನೂ ಬೇಡ. ಪ್ಲೈವುಡ್ಡು ಒಂದೇ ಮಳೆಗೆ ಪದರ ಬಿಡುತ್ತೆ. ತಳದಲ್ಲಿ 6 ಮಿ.ಮೀ.ಯ ನಾಲ್ಕು ತೂತು, ನೀರು ಇಳಿಯೋಕೆ. ಮೇಲಿನ ಅಂಚಲ್ಲಿ ಎರಡು ತೂತು, ಸೆಕೆ ಹೋಗೋಕೆ. ಮುಂದೆ ಕೂರೋ ಕಡ್ಡಿ ಬೇಡ, ಕಾಗೆಗೆ ಮೆಟ್ಟಿಲು ಆಗುತ್ತೆ. ಎತ್ತರ ಎರಡೂವರೆಯಿಂದ ಮೂರು ಮೀಟರ್, ಮುಖ ಪೂರ್ವ ಅಥವಾ ಉತ್ತರ. ಪಶ್ಚಿಮಕ್ಕೆ ಇಟ್ರೆ ಏಪ್ರಿಲ್ ಬಿಸಿಲಿಗೆ ಮರಿ ಬೇಯುತ್ತೆ. ತಗಡಿನ ಪೆಟ್ಟಿಗೆ, ಪ್ಲಾಸ್ಟಿಕ್ ಡಬ್ಬ ಬೇಡ ಅನ್ನೋದೂ ಅದಕ್ಕೇ.

ಮಡಿವಾಳ ಹಕ್ಕಿಗೆ ತೂತು ಐದಾರು ಸೆಂ.ಮೀ. ಬೇಕು. ಅಲ್ಲಿ ಗೊರವಂಕದ ಪೈಪೋಟಿ ಇದ್ದೇ ಇರುತ್ತೆ, ಒಪ್ಪಿಕೊಂಡೇ ಇಡಬೇಕು.

ಟೆರೇಸ್‌ಮನೆ:
ಮಡಿವಾಳ ಅಂದ ಮೇಲೆ ಅದರ ಹಾಡು ಬಿಡೋಕಾಗುತ್ತಾ! ಚಳಿಗಾಲ ಪೂರ್ತಿ ಚುರ್ ಚುರ್ ಅಂತ ಬೈಯ್ಯೋದು ಬಿಟ್ರೆ ಏನಿಲ್ಲ. ಫೆಬ್ರವರಿ ಕೊನೆಗೆ ಬೆಳಗಿನ ಜಾವ ಐದೂವರೆಗೆ ಆಂಟೆನಾ ಮೇಲೆ ಕೂತು ಶುರು ಮಾಡುತ್ತೆ. ಹೆಣ್ಣು ಬಂದ್ರೆ ಗಂಡು ಮೈ ಉಬ್ಬಿಸಿ, ಕೊಕ್ಕು ಮೇಲೆತ್ತಿ, ಬಾಲ ಬೀಸಣಿಗೆ ಮಾಡಿ ನಡೆಯೋ ಠೀವಿ ನೋಡ್ಬೇಕು.

ಎಲೆಗೊಬ್ಬರ:
ಕೋಗಿಲೆ ಇನ್ನೂ ಕೂಗಿಲ್ಲ ಅಲ್ವಾ? ಯುಗಾದಿ ಹತ್ರ ಬಂದಾಗ ಹೆಣ್ಣು ಕೋಗಿಲೆ ಹಾಡೋದು ಕೇಳೋದೇ ಒಂದು ಖುಷಿ.

ಲೆಕ್ಕದಹಕ್ಕಿ:
ಕುಹೂ ಅನ್ನೋದು ಗಂಡು, ಮೈಯೆಲ್ಲ ಕಪ್ಪು, ಕೆಂಪು ಕಣ್ಣು. ಹೆಣ್ಣು ಕಂದು ಮೈ ಮೇಲೆ ಬಿಳಿ ಚುಕ್ಕೆ, ಅದರದ್ದು ಕಿಕ್ ಕಿಕ್ ಕಿಕ್ ಅನ್ನೋ ಗಡಸು ಕೂಗು. ಚಳಿಗಾಲದಲ್ಲೂ ಕೋಗಿಲೆ ಇಲ್ಲೇ ಇರುತ್ತೆ, ಬಾಯಿ ಬಿಡಲ್ಲ ಅಷ್ಟೇ. ಅದರ ಮೊಟ್ಟೆ ಕಾಗೆ ಮೊಟ್ಟೆಗಿಂತ ಎರಡು ಮೂರು ದಿನ ಮುಂಚೆ ಒಡೆಯುತ್ತೆ, ಹಾಗಾಗಿ ಮೊದಲ ತುತ್ತು ಕೋಗಿಲೆ ಮರಿಗೇ. ಕಾಗೆ ಗೂಡು ಕಿತ್ತು ಹಾಕೋರು ಕೋಗಿಲೆ ತೊಟ್ಟಿಲನ್ನೂ ಕಿತ್ತ ಹಾಗೆ.

ಈಗ ಕೇಳ್ತಿರೋ ಟುಂಕ್ ಟುಂಕ್ ಟುಂಕ್ ಕಂಚುಕುಟಿಗ. ಬಿಸಿಲು ಏರಿದಷ್ಟೂ ಜೋರು, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒಂದೇ ಲಯದಲ್ಲಿ ಬಡಿಯುತ್ತೆ. ಅದು ಗೂಡು ಕೊರೆಯೋದು ಒಣಗಿದ ಮೆತ್ತನೆ ಕೊಂಬೆಯಲ್ಲಿ, ಹೆಚ್ಚಾಗಿ ಅಡ್ಡಕೊಂಬೆಯ ಕೆಳಮಗ್ಗುಲಲ್ಲಿ, ಮಳೆ ನೀರು ಒಳಗೆ ಬಾರದ ಹಾಗೆ. ನುಗ್ಗೆ, ಗುಲ್‌ಮೊಹರ್ ಮರದ ಒಣ ಕೊಂಬೆ ಮನೆ ಮೇಲೋ ತಂತಿ ಮೇಲೋ ಬೀಳೋ ಹಾಗಿಲ್ಲ ಅಂದ್ರೆ ಬಿಟ್ಟುಬಿಡಿ. ಬೀಳೋ ಹಾಗಿದ್ರೆ ಎರಡು ಅಡಿ ಮೋಟು ಉಳಿಸಿ ಕತ್ತರಿಸಿ.

ಹಾಲಕ್ಕಿ:
ಮರದ ಪೊಟರೆ ವಿಷಯ ಬಂತು ಅಂತ ಸೇರಿಸ್ತೀನಿ. ಬುಡುಬುಡಿಕೆಯವರು 'ಹಾಲಕ್ಕಿ ನುಡೀತೈತೆ' ಅಂತಾರಲ್ಲ, ಆ ಚುಕ್ಕೆ ಗೂಬೆಗೂ ಈಗಲೇ ಸಂಸಾರದ ಕಾಲ. ದಕ್ಷಿಣದಲ್ಲಿ ನವೆಂಬರಿಂದ ಏಪ್ರಿಲ್‌ವರೆಗೆ. ಹಗಲಲ್ಲೇ ಪೊಟರೆ ಬಾಯಲ್ಲಿ ಜೋಡಿ ಒತ್ತಿ ಕೂತು ಒಂದರ ತಲೆ ಇನ್ನೊಂದು ಬಾಚುತ್ತಾ ಇರ್ತವೆ. ಅಪಶಕುನ ಅಂತ ಕಲ್ಲು ಹೊಡೀಬೇಡಿ. ಇಲಿ, ಜಿರಳೆ, ಜೀರುಂಡೆ ತಿಂದು ಹಿತ್ತಲನ್ನ ಕಾಯೋ ಹಕ್ಕಿ ಅದು.

ಇಲಿ ಪಾಷಾಣ ಮಾತ್ರ ಇಡಬೇಡಿ. ವಿಷ ತಿಂದ ಇಲಿ ಒಂದೆರಡು ದಿನ ನಿಧಾನಕ್ಕೆ ಓಡಾಡುತ್ತೆ, ಗೂಬೆಗೆ ಸುಲಭವಾಗಿ ಸಿಗುತ್ತೆ, ಅದೇ ವಿಷ ಮರಿಗಳ ಬಾಯಿಗೂ ಹೋಗುತ್ತೆ. ಬೋನಿಡಿ, ಒಳಗೆ ಸುಟ್ಟ ಕೊಬ್ಬರಿ ಚೂರು ಕಟ್ಟಿ. ಬಿಡಿಯಾಗಿ ಇಟ್ರೆ ಇಲಿ ಎಳ್ಕೊಂಡು ಹೋಗುತ್ತೆ.

ಟೆರೇಸ್‌ಮನೆ:
ಸೂರಕ್ಕಿಗೆ ಸಕ್ಕರೆ ನೀರು ಬಾಟಲಿ ಕಟ್ಟಿದ್ರೆ ಹೇಗೆ? ಕೆಂಪು ಬಣ್ಣ ಹಾಕಿದ್ರೆ ಬೇಗ ಬರುತ್ತೆ ಅಂತಾರೆ.

ಕರಾವಳಿಕೇಪಳ:
ಬೇಡ. ಬಿಸಿಲಲ್ಲಿ ಸಕ್ಕರೆ ನೀರು ಒಂದೇ ದಿನಕ್ಕೆ ಹುಳಿ ಬರುತ್ತದೆ, ಬೂಸ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಬಣ್ಣ ಅಂತೂ ಬೇಡವೇ ಬೇಡ. ಅದರ ಬದಲು ಹೂ ನೆಡಿ: ಒಂಟಿ ದಳದ ದಾಸವಾಳ, ಕೇಪಳ, ರತ್ನಗಂಧಿ, ಆಡುಸೋಗೆ, ನುಗ್ಗೆ, ಮೂಲೆಯಲ್ಲಿ ಒಂದು ಬಾಳೆ. ಮುದ್ದೆ ದಾಸವಾಳದಲ್ಲಿ ದಳವೇ ಒತ್ತಿಕೊಂಡಿರುತ್ತದೆ, ಮಕರಂದ ಸಿಗುವುದು ಕಷ್ಟ. ಬಾಲ್ಕನಿ ಆದರೆ 12 ಇಂಚಿನ ಕುಂಡದಲ್ಲಿ ಗಿಡ್ಡ ಕೇಪಳ ಸಾಕು, ನಾಲ್ಕು ಗಂಟೆ ಬಿಸಿಲು ಬೇಕು. ಒಂದು ಮುಖ್ಯ ಮಾತು: ಹೂವಿಗೆ ಕೀಟನಾಶಕ ಹೊಡೆದರೆ ಸೂರಕ್ಕಿಗೇ ಹೊಡೆದಂತೆ. ಮರಿಗಳಿಗೆ ಅದು ಕೊಡುವುದು ಜೇನಲ್ಲ, ಜೇಡ ಮತ್ತು ಪುಟ್ಟ ಹುಳ.

ಎಲೆಗೊಬ್ಬರ:
ನೀರಿನ ತಟ್ಟೆಗೆ ಅಳತೆ ಕೇಳಿದ್ರಲ್ಲ. ಸುಟ್ಟ ಮಣ್ಣಿನ ಅಗಲ ತಟ್ಟೆ, 30 ಸೆಂ.ಮೀ. ಮೇಲೆ ಅಗಲ, ನೀರು ನಡುವಲ್ಲಿ 4 ಸೆಂ.ಮೀ. ಮೀರಬಾರದು. ಪಿಂಗಾಣಿ, ಸ್ಟೀಲು ಜಾರುತ್ತೆ. ಒಂದು ಚಪ್ಪಟೆ ಕಲ್ಲು ಇಡಿ, ಜೇನುಹುಳಕ್ಕೂ ಕೂರೋಕೆ ಜಾಗ. ಪೊದೆಯಿಂದ ಎರಡು ಮೀಟರ್ ದೂರ ಇರಲಿ, ಇಲ್ಲಾಂದ್ರೆ ಬೆಕ್ಕಿಗೆ ಹೊಂಚು ಹಾಕೋ ಜಾಗ. ದಿನಾ ನೀರು ಬದಲಿಸಿ, ವಾರಕ್ಕೆ ಎರಡು ಸಲ ತೆಂಗಿನ ನಾರಿಂದ ಉಜ್ಜಿ, ಸೋಪು ಬೇಡ. ದಿನಾ ಚೆಲ್ಲಿದ್ರೆ ಸೊಳ್ಳೆ ಮರಿ ಆಗೋ ಭಯವೂ ಇಲ್ಲ.

ಚಿಟ್ಟೆಪಟ್ಟಿ:
ತಟ್ಟೆ ಪಕ್ಕ ಚಿಟ್ಟೆಗೂ ಒಂದು ಜಾಗ ಮಾಡಿ. ಒಂದು ಬಾಣಲೆಯಷ್ಟು ಗುಂಡಿ, ಮರಳು ಮಣ್ಣು ಅರ್ಧರ್ಧ, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಹಳೇ ಸಗಣಿ ಗೊಬ್ಬರ. ಸದಾ ತೇವ ಇರಬೇಕು, ನೀರು ನಿಲ್ಲಬಾರದು. ಉಪ್ಪು ಜಾಸ್ತಿ ಆದ್ರೆ ಸುತ್ತಲ ಗಿಡ ಸಾಯುತ್ತೆ, ಚಿಟಿಕೆ ಅಂದ್ರೆ ಚಿಟಿಕೆ.

ಯಾಕೆ ಅಂದ್ರೆ, ಒದ್ದೆ ಮಣ್ಣು ಹೀರೋಕೆ ಬರೋದು ಬಹುಪಾಲು ಗಂಡು ಚಿಟ್ಟೆ. ಅಲ್ಲಿ ಸಿಗೋ ಲವಣವನ್ನ ಮಿಲನದ ಹೊತ್ತಲ್ಲಿ ಹೆಣ್ಣಿಗೆ ದಾಟಿಸುತ್ತೆ, ಅದು ಮೊಟ್ಟೆಗೆ ಹೋಗುತ್ತೆ. ಮದುವೆ ಉಡುಗೊರೆ ಅಂದ್ರೆ ಇದು. ಟೈಗರ್ ಚಿಟ್ಟೆಗಳದ್ದು ಇನ್ನೂ ಸೊಗಸು. ಕಾಯಿ ಒಣಗಿದ್ರೆ ಗಿಲಕಿ ಥರ ಸದ್ದು ಮಾಡೋ ಸೆಣಬಿನ ಜಾತಿಯ ಗಿಡ ಇದೆಯಲ್ಲ, ಅದರ ಒಣಗಿದ ಕಾಂಡ ಎಲೆ ಕೆರೆದು ಒಂದು ಕಹಿ ರಸ ಹೀರ್ತವೆ. ಅದರಿಂದ ಹೆಣ್ಣನ್ನ ಸೆಳೆಯೋ ಗಂಧ ತಯಾರಿಸಿ, ಹೊಟ್ಟೆ ತುದಿಯ ಕೂದಲ ಕುಚ್ಚಿಂದ ಬೀಸ್ತವೆ. ಒಣಗಿದೆ ಅಂತ ಆ ಗಿಡ ಕಿತ್ತು ಹಾಕಿದ್ರೆ ಅತ್ತರಿನ ಅಂಗಡಿ ಮುಚ್ಚಿದ ಹಾಗೆ.

ಕರಿಬೇವು, ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಇರೋ ಹುಳ ಕಂಡ್ರೆ ಹೊಸಕಬೇಡಿ, ಮುಂದೆ ಹಸಿರಾಗಿ ಚಿಟ್ಟೆ ಆಗುತ್ತೆ. ಗಿಡ ಚಿಕ್ಕದಾಗಿದ್ರೆ ಮೂರು ನಾಲ್ಕು ಬಿಟ್ಟು ಉಳಿದವನ್ನ ದೊಡ್ಡ ಗಿಡಕ್ಕೆ ಎಲೆ ಸಮೇತ ದಾಟಿಸಿ.

ಮಲೆನಾಡತೋಟ:
ಜೇನಿನ ಮಾತು ಬಂತು. ಮಲೆನಾಡಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪಾಲಾಗೋ, ಅಂದರೆ ಒಂದು ಸಂಸಾರ ಎರಡಾಗೋ ಕಾಲ ಇದು. ಪೆಟ್ಟಿಗೆ ಇಟ್ಟವರು ವಾರಕ್ಕೊಮ್ಮೆ ಸಂಸಾರ ಕೋಣೆ (ಮರಿ ಬೆಳೆಯುವ ಭಾಗ) ನೋಡಲೇಬೇಕು. ಮುಚ್ಚಳದ ನಡುವೆ ಸಣ್ಣ ರಂಧ್ರ ಇರುವ ಉಬ್ಬಿದ ಕಣಗಳು (ಎರಿ ಅಂದರೆ ಮೇಣದ ತಟ್ಟಿಯ ಕೋಶಗಳು) ಗಂಡು ನೊಣದ್ದು. ಅವು ಹೆಚ್ಚಾದರೆ ಮೊದಲ ಸೂಚನೆ. ಎರಿಯ ಕೆಳ ಅಂಚಿನಲ್ಲಿ ಜೋತುಬಿದ್ದ ಉದ್ದ ಕಣ ಕಂಡರೆ ರಾಣಿ ಕಣ. ಅದರ ಬಾಯಿ ಮುಚ್ಚಿತು ಅಂದರೆ ಹಳೆ ರಾಣಿ ಅರ್ಧ ಬಳಗ ಕಟ್ಟಿಕೊಂಡು ಹೊರಡುವುದು ಇಂದೋ ನಾಳೆಯೋ.

ಪಾಲು ಮಾಡುವುದು ಹೀಗೆ: ಮುಚ್ಚಿದ ರಾಣಿ ಕಣ ಇರುವ ಒಂದು ಚೌಕಟ್ಟು, ಮರಿ ಇರುವ ಎರಡು ಚೌಕಟ್ಟು, ಜೇನು ಇರುವ ಒಂದನ್ನು ನೊಣಗಳ ಸಮೇತ ಹೊಸ ಪೆಟ್ಟಿಗೆಗೆ ಹಾಕಿ. ರಾಣಿ ಕಣ ಎರಡಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಚಿವುಟಿ, ಇಲ್ಲದಿದ್ದರೆ ಮರಿ ಪಾಲು ಮತ್ತೆ ಹೊರಡುತ್ತದೆ. ಹೊಸ ರಾಣಿ ಹೊರಬಂದು ಒಂದು ವಾರದಲ್ಲಿ ಆಕಾಶದಲ್ಲೇ ಹಲವು ಗಂಡುಗಳ ಜೊತೆ ಕೂಡುತ್ತದೆ, ಕೂಡಿದ ಗಂಡು ಅಲ್ಲೇ ಸಾಯುತ್ತದೆ. ಆ ಎರಡು ವಾರ ಪೆಟ್ಟಿಗೆ ತೆರೆಯಬೇಡಿ, ಜಾಗ ಬದಲಿಸಬೇಡಿ. ರಾಣಿ ವಾಪಸು ಬಂದಾಗ ಪೆಟ್ಟಿಗೆ ಒಂದಡಿ ಸರಿದಿದ್ದರೂ ದಾರಿ ತಪ್ಪುತ್ತದೆ.

ಹಿತ್ತಲ ಮರಕ್ಕೆ ಪಾಲು ಬಂದು ಗೊಂಚಲು ಕಟ್ಟಿದರೆ ಹೊಗೆ ಹಾಕಬೇಡಿ. ಹೊಟ್ಟೆ ತುಂಬ ಜೇನು ಕುಡಿದು ಹೊರಟ ನೊಣ ಸುಲಭಕ್ಕೆ ಕಚ್ಚುವುದಿಲ್ಲ. ಹೆಚ್ಚೆಂದರೆ ಒಂದೆರಡು ದಿನದಲ್ಲಿ ಹೊಸ ಮನೆ ನೋಡಿಕೊಂಡು ಹೋಗುತ್ತದೆ.

ಹಿತ್ತಲಬಾಗಿಲು:
ಇನ್ನೊಂದು. ಮರಿ ಕೆಳಗೆ ಬಿದ್ರೆ ಮುಟ್ಟಬಾರದು, ಮನುಷ್ಯರ ವಾಸನೆ ಬಂದ್ರೆ ತಾಯಿ ಬಿಟ್ಟು ಹೋಗುತ್ತೆ ಅಂತಾರಲ್ಲ?

ಹಾಲಕ್ಕಿ:
ಅದು ಸುಳ್ಳು. ಗರಿ ಇಲ್ಲದ ಮರಿ ಆದ್ರೆ ಎತ್ತಿ ಗೂಡಿಗೇ ಹಾಕಿ. ಗೂಡೇ ಬಿದ್ದಿದ್ರೆ ತೂತು ಇರೋ ಸಣ್ಣ ಬುಟ್ಟಿಗೆ ಇಟ್ಟು ಅದೇ ಕೊಂಬೆಗೆ ಕಟ್ಟಿ ದೂರ ಸರಿಯಿರಿ. ಗರಿ ಬಂದು ಕುಪ್ಪಳಿಸ್ತಿದ್ರೆ ಅದು ಹಾರೋದು ಕಲೀತಿದೆ, ಅಪ್ಪ ಅಮ್ಮ ಅಲ್ಲೇ ಇರ್ತವೆ, ಬೆಕ್ಕನ್ನ ಕಟ್ಟಿ ಹಾಕಿ ಸಾಕು. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಮನೇಲಿಟ್ಟು ಸಾಕೋದು ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಲೆಕ್ಕದಹಕ್ಕಿ:
ಫೆಬ್ರವರಿ ನಡುವಿನ ಶುಕ್ರವಾರದಿಂದ ಸೋಮವಾರದವರೆಗೆ ಹಿತ್ತಲ ಹಕ್ಕಿ ಎಣಿಕೆ ಇದೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಅಮೆರಿಕದಲ್ಲಿ 1998ರಲ್ಲಿ ಶುರುವಾಗಿದ್ದು, 2013ರಿಂದ ಲೋಕದ ಯಾವ ಮೂಲೆಯವರೂ ಸೇರಬಹುದು. ಕನಿಷ್ಠ 15 ನಿಮಿಷ ಒಂದೇ ಕಡೆ ನಿಂತು, ಕಂಡ ಕೇಳಿದ ಎಲ್ಲಾ ಹಕ್ಕಿಯನ್ನ ಇಬರ್ಡ್ ಆ್ಯಪಲ್ಲಿ ಬರೀಬೇಕು. ಕಾಗೆ ಪಾರಿವಾಳ ಬಿಡಬೇಡಿ. ಒಂದೇ ಸೂರಕ್ಕಿ ಐದು ಸಲ ಬಂದ್ರೆ ಐದು ಅಂತ ಬರೀಬೇಡಿ, ಒಟ್ಟಿಗೆ ಕಂಡ ಹೆಚ್ಚಿನ ಸಂಖ್ಯೆ ಬರೀರಿ. ಇಬ್ಬರು ಕಾಫಿ ಲೋಟ ಹಿಡಿದು ಟೆರೇಸಲ್ಲಿ ಕೂತ್ರೆ ಪ್ರೇಮಿಗಳ ದಿನಕ್ಕೂ ಅದಕ್ಕಿಂತ ಒಳ್ಳೇ ಬೆಳಗು ಸಿಗಲ್ಲ!

ಟೆರೇಸ್‌ಮನೆ:
ಜೊತೆಗೆ ಸೊಗಡವರೆ ಉಪ್ಪಿಟ್ಟು. ಸೀಸನ್ ಮುಗಿಯೋ ಮುಂಚೆ ಹಿದುಕವರೆ ಮಾಡ್ಕೊಳ್ಳಿ. ಕಾಯಿ ಒಳಗೆ ಸಿಗೋ ಹಸಿರು ಹುಳವನ್ನ ಡಬ್ಬಿಗೆ ಹಾಕಬೇಡಿ, ಮೊರದಲ್ಲಿಟ್ಟು ಹಿತ್ತಲ ಕಟ್ಟೆ ಮೇಲಿಡಿ, ಹತ್ತು ನಿಮಿಷದಲ್ಲಿ ಪಿಕಳಾರ ಬಂದು ಖಾಲಿ ಮಾಡುತ್ತೆ.

ಮಾವಿನತೋಪು:
ರಾತ್ರಿ ಎಲ್ಲ ಇಬ್ಬನಿ ಬಿದ್ದ ಅವರೆಗೇ ಆ ಸೊಗಡು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋದ ಮೇಲೆ ಕಾಯಿ ಬಂದ್ರೂ ಘಮ ಇರಲ್ಲ.

ಧಾರವಾಡಮಂದಿ:
ಹೋಳಿ ಬಣ್ಣದ ಮಾತು ಉಳೀತು. ಮುತ್ತಲದ ಹೂವಿನ ಬಣ್ಣ ಮಾಡ್ರಿ. ಗಿಡದಾಗಿಂದ ಹರಿಯಬ್ಯಾಡ್ರಿ, ಹೂವಿನ ತುಂಬ ಗೊರವಂಕ, ಸೂರಕ್ಕಿ, ಕಾಜಾಣ ಕುಂತಿರ್ತಾವ. ಕೆಳಗ ಬಿದ್ದಿದ್ದ ಆರಿಸಿ ನೆರಳಿನ್ಯಾಗ ಒಣಗಸ್ರಿ. ಒಂದು ಲೀಟರ್ ನೀರಿಗೆ ಎರಡು ಬೊಗಸಿ ಒಣ ಹೂ, ಅರ್ಧ ತಾಸು ಸಣ್ಣ ಉರಿ ಮ್ಯಾಲೆ ಕುದಿಸಿ, ರಾತ್ರಿ ಎಲ್ಲಾ ಹಂಗ ಬಿಟ್ಟು ಮುಂಜಾನೆ ಅರಿವಿಲೆ ಸೋಸ್ರಿ. ಕಿತ್ತಳಿ ಹಳದಿ ಬರ್ತದ. ಸುಣ್ಣ ಹಾಕಿದ್ರ ಇನ್ನೂ ಕೆಂಪಗ ಆಗ್ತದ, ಖರೆ ಮೈಮ್ಯಾಲೆ ಹಾಕೋ ಬಣ್ಣಕ್ಕ ಸುಣ್ಣ ಬ್ಯಾಡ.

ಕರಾವಳಿಕೇಪಳ:
ಕಬ್ಬಿಣದ ಬಾಣಲೆಯಲ್ಲಿ ಕುದಿಸಬಹುದಾ?

ಧಾರವಾಡಮಂದಿ:
ಬ್ಯಾಡ್ರಿ, ಬಣ್ಣ ಕರ್ರಗ ಮಂಕಾಗ್ತದ. ಸ್ಟೀಲ್ ಇಲ್ಲಾ ಮಣ್ಣಿನ ಗಡಗಿ.

ಹಿತ್ತಲಬಾಗಿಲು:
ಈಗ ಗಾಜಿನ ಹೊರಗೆ ಜಾಲರಿ, ಬೇಲಿಗೆ ಕತ್ತರಿ ಇಲ್ಲ, ಎಲೆ ಕಟ್ಟೆಗೆ. ಸೂರಕ್ಕಿ ಹೆಣ್ಣು ಬಟ್ಟೆ ಒಣಗಿಸೋ ತಂತಿ ಹತ್ರ ನಾರು ತಗೊಂಡು ಸುತ್ತುತ್ತಿದೆ. ಅಲ್ಲೇ ಕಟ್ಟಿದ್ರೆ ಬಟ್ಟೆ ಹಾಕೋದು ಬಿಡಬೇಕಾ?

ಕರಾವಳಿಕೇಪಳ:
ಗೂಡಿನಿಂದ ಎರಡು ಮಾರು ಬಿಟ್ಟು ಹಾಕಿ. ತಂತಿ ಕುಲುಕದ ಹಾಗೆ ಆ ಬದಿಯನ್ನು ಒಂದು ಗಳುವಿಗೆ ಬಿಗಿದು ಕಟ್ಟಿ. ಗೂಡಿನ ಬಾಯಿ ಯಾವ ಕಡೆ ಇದೆಯೋ ಆ ಕಡೆ ದೊಡ್ಡ ಸೀರೆ, ಬೆಡ್‌ಶೀಟ್ ಬೇಡ.